ಒಂದೇ ಅರಮನೆ, ನಾಲ್ವರು ಲೂಯಿಗಳು: ವರ್ಸಾಯ್‌ನಲ್ಲಿ ಕೋಣೆ ದಾಟಿದರೆ ಶೈಲಿ ಬದಲಾಗುವುದೇಕೆ?

ಪ್ರಶ್ನೆ: ಮಗಳು ಪ್ಯಾರಿಸ್‌ನಲ್ಲಿ ಕೆಲಸದಲ್ಲಿದ್ದಾಳೆ. ಈಚೆಗೆ ಅಲ್ಲಿಗೆ ಹೋದಾಗ ವರ್ಸಾಯ್ ಅರಮನೆ ನೋಡಿ ಬಂದೆವು. ಊರಿನ ಕಡೆಯಿಂದ ಒಳಗೆ ಹೋದರೆ ಎದುರಿಗೆ ಕೆಂಪು ಇಟ್ಟಿಗೆಯ ಗೋಡೆ. ಹಿಂದಿನ ತೋಟಕ್ಕೆ ಹೋಗಿ ತಿರುಗಿ ನೋಡಿದರೆ ಪೂರಾ ತಿಳಿಬಣ್ಣದ ಕಲ್ಲು, ಬೇರೆ ಯಾವುದೋ ಅರಮನೆಯ ಮುಂದೆ ನಿಂತ ಹಾಗೆ. ಒಳಗೂ ಇದೇ ಕಥೆ. ಒಂದು ಕೋಣೆಯಲ್ಲಿ ಬಣ್ಣಬಣ್ಣದ ಅಮೃತಶಿಲೆ, ಇನ್ನೊಂದರಲ್ಲಿ ಬಿಳಿ ಮರದ ಮೇಲೆ ಚಿನ್ನದ ಬಳ್ಳಿ. ಇದೆಲ್ಲವನ್ನೂ 14ನೆಯ ಲೂಯಿ ಕಟ್ಟಿಸಿದ ಎಂದು ಶಾಲೆಯಲ್ಲಿ ಓದಿದ ನೆನಪು. ಒಂದೇ ಮನೆಯಲ್ಲಿ ಇಷ್ಟು ಶೈಲಿ ಹೇಗೆ ಬಂತು? ನಾವು ನೋಡಿದ್ದರಲ್ಲಿ ಅಸಲು ಎಷ್ಟು?

ಉತ್ತರ: ವರ್ಸಾಯ್‌ಗೆ ಹೋದವರಲ್ಲಿ ಹೆಚ್ಚಿನವರು ಕನ್ನಡಿಗಳ ಹಜಾರದ ಬೆರಗಿನಲ್ಲಿ ಮಿಕ್ಕಿದ್ದನ್ನು ಮರೆತು ಬರುತ್ತಾರೆ. ನೀವು ತೋಟದಲ್ಲಿ ತಿರುಗಿ ನಿಂತು ಗೋಡೆ ನೋಡಿದ್ದೀರಿ. ಇಡೀ ಅರಮನೆಯ ಕಥೆ ಅಲ್ಲಿಂದಲೇ ಬಿಚ್ಚಿಕೊಳ್ಳುತ್ತದೆ.

ನಮ್ಮ ಪಠ್ಯಪುಸ್ತಕಗಳಲ್ಲಿ ವರ್ಸೇಲ್ಸ್ ಎಂದು ಬರೆಯುವ ಈ ಅರಮನೆಗೆ 1623ರಿಂದ 1789ರವರೆಗೆ ನಾಲ್ವರು ಲೂಯಿಗಳು ಕೈ ಹಾಕಿದ್ದಾರೆ: 13, 14, 15 ಮತ್ತು 16ನೆಯವರು. ಕಾಲ ಬದಲಾಯಿತು, ಅಭಿರುಚಿಯೂ ಬದಲಾಯಿತು ಎಂದು ಹೇಳಿಬಿಡಬಹುದು. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟಂತೆ. ಹೊಸ ಅಭಿರುಚಿ ಬಂದಾಗ ಹಳೆಯದನ್ನು ಕಿತ್ತುಹಾಕಲು ಬಹುಕಾಲ ಹಣಕ್ಕೂ ಆಳಿಗೂ ಕೊರತೆಯಿರದ ರಾಜರು ಇವರು. ಹಾಗಿದ್ದೂ ಹಳೆಯದು ಹೊಸದರ ಪಕ್ಕದಲ್ಲೇ ಏಕೆ ಉಳಿಯಿತು? ಇಷ್ಟು ವರ್ಷ ಈ ಕಟ್ಟಡವನ್ನು ಓದಿದ ಮೇಲೆ ನನಗೆ ಒಪ್ಪಿಗೆಯಾಗಿರುವ ವಿವರಣೆ ಇದು: ರಾಜನು ಲೋಕಕ್ಕೆ ಕಾಣಿಸಿಕೊಳ್ಳುವ ಕೋಣೆಗಳನ್ನು ಮುಂದಿನವರು ಮುಟ್ಟಲು ಹಿಂಜರಿದರು. ತಾವು ಮಲಗುವ, ಉಣ್ಣುವ, ಓದುವ, ಹರಟುವ ಕೋಣೆಗಳನ್ನು ಮಾತ್ರ ಪ್ರತಿಯೊಬ್ಬರೂ ತಮ್ಮ ಕಾಲಕ್ಕೆ ತಕ್ಕಂತೆ ಬದಲಿಸಿಕೊಂಡರು. ಹೀಗಾಗಿ ಒಂದೇ ಮಹಡಿಯಲ್ಲಿ, ಒಂದೊಂದು ಗೋಡೆಯ ಆಚೀಚೆ, ನೂರು ವರ್ಷದ ಅಂತರ ನಿಂತುಬಿಟ್ಟಿದೆ.

ಇಟ್ಟಿಗೆಯಿಂದ ಶುರುಮಾಡೋಣ. 13ನೆಯ ಲೂಯಿ 1623ರಲ್ಲಿ ಇಲ್ಲಿ ಕಟ್ಟಿಸಿದ್ದು ಬೇಟೆಗೆ ಬಂದಾಗ ರಾತ್ರಿ ತಂಗಲು ಒಂದು ಮನೆ. 1631ರಿಂದ 1634ರ ನಡುವೆ ಫಿಲಿಬೇರ್ ಲ ರೋಯ್ ಎಂಬ ಕಟ್ಟಡಗಾರ ಅದನ್ನು ದೊಡ್ಡದು ಮಾಡಿದ. ಕೆಂಪು ಇಟ್ಟಿಗೆ, ಮೂಲೆಗಳಿಗೂ ಕಿಟಕಿಗಳ ಸುತ್ತಲೂ ತಿಳಿ ಕಲ್ಲು, ಮೇಲೆ ಇಳಿಜಾರಾದ ನೀಲಿಗಪ್ಪು ಕಲ್ಲುಹಂಚಿನ ಮಾಡು. ಹದಿನೇಳನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಸಿರಿವಂತರ ಮನೆಗಳು ಹೀಗೆಯೇ ಇರುತ್ತಿದ್ದವು. ನೀವು ನೋಡಿದ ಅಮೃತಶಿಲೆಯ ಅಂಗಳದ ಮೂರು ಬದಿಯ ಗೋಡೆಗಳು ಆ ಬೇಟೆಮನೆಯವು. ಅಂಗಳದ ನೆಲಹಾಸು, ಗೋಡೆಯ ಮೇಲಿನ ಪ್ರತಿಮೆಗಳು, ಬಾಲ್ಕನಿ, ಮಾಡಿನ ಚಿನ್ನದ ಅಲಂಕಾರ ಇವೆಲ್ಲ ಮಗನ ಕಾಲದಲ್ಲಿ ಸೇರಿದವು.

ಮಗ, ಅಂದರೆ 14ನೆಯ ಲೂಯಿ, 1661ರಲ್ಲಿ ಆಡಳಿತವನ್ನು ಸ್ವತಃ ಕೈಗೆ ತೆಗೆದುಕೊಂಡ. ತಂದೆಯ ಮನೆಯನ್ನು ಕೆಡವಿ ಹೊಸದು ಕಟ್ಟಿ ಎಂದು ಸುತ್ತಲಿನವರು ಹೇಳಿದರು. ಅವನು ಒಪ್ಪಲಿಲ್ಲ. ಕೆಡವಿದರೆ ಹಾಗೆಯೇ, ಇದ್ದಂತೆಯೇ ಮತ್ತೆ ಕಟ್ಟಿಸುತ್ತೇನೆ ಎಂದು ರಾಜ ಸಿಟ್ಟಾದನೆಂದು ಆ ಕಾಲದ ಒಬ್ಬ ಅಧಿಕಾರಿ ತನ್ನ ನೆನಪುಗಳಲ್ಲಿ ಬರೆದಿಟ್ಟಿದ್ದಾನೆ. ವಾಸ್ತುಶಿಲ್ಪಿ ಲೂಯಿ ಲ ವೋ ಅದಕ್ಕೊಂದು ದಾರಿ ಹುಡುಕಿದ. 1668ರಿಂದ ಹಳೆಯ ಮನೆಯ ಮೂರು ಬದಿಗೆ, ತೋಟದ ಕಡೆಯಿಂದ, ಹೊಸ ಕಲ್ಲಿನ ಕಟ್ಟಡವನ್ನು ಕವಚದಂತೆ ಕಟ್ಟುತ್ತಾ ಬಂದ. ಫ್ರೆಂಚರು ಇದನ್ನು ‘ಹೊದಿಕೆ’ ಎಂದೇ ಕರೆಯುತ್ತಾರೆ. ಈ ಹೊದಿಕೆ ಇಟಲಿಯ ಮಾದರಿಯದು. ಕೆಳಗೆ ಗಟ್ಟಿ ಕಲ್ಲಿನ ಅಂತಸ್ತು, ನಡುವೆ ಕಂಬ-ಅರೆಗಂಬಗಳ ಮುಖ್ಯ ಅಂತಸ್ತು, ಮೇಲೆ ಚಿಕ್ಕದೊಂದು ಅಂತಸ್ತು. ಮಾಡು ಕಾಣದಂತೆ ಕಟಾಂಜನದ ಹಿಂದೆ ಅಡಗಿದೆ. ಊರಿನ ಕಡೆ ಮಾಡೇ ಎದ್ದು ಕಾಣುತ್ತದೆ, ತೋಟದ ಕಡೆ ಮಾಡೇ ಇಲ್ಲವೇನೋ ಅನ್ನಿಸುತ್ತದೆ. ನಿಮಗಾದ ಗೊಂದಲಕ್ಕೆ ಕಾರಣ ಇದು: ಒಂದು ಮನೆಯ ಬೆನ್ನಿಗೆ ಇನ್ನೊಂದು ಮನೆ ಅಂಟಿಕೊಂಡಿದೆ. ಲ ವೋ 1670ರಲ್ಲಿ ತೀರಿಕೊಂಡ. ಮುಂದೆ ಬಂದ ಜೂಲ್ ಆರ್ದೂಅಂ-ಮಾನ್ಸಾರ್ ಎರಡು ಬದಿಗೆ ಉದ್ದುದ್ದ ರೆಕ್ಕೆಗಳನ್ನು ಕಟ್ಟುವಾಗಲೂ ಅದೇ ಮೂರು ಅಂತಸ್ತಿನ ಲಯವನ್ನು ಮುಂದುವರಿಸಿದ.

ಹೊದಿಕೆಯ ಉತ್ತರ ಭಾಗದಲ್ಲಿ ರಾಜನ ವಿಧ್ಯುಕ್ತ ಕೋಣೆಗಳಿವೆ. ಶುಕ್ರ, ಚಂದ್ರದೇವತೆ ಡಯಾನಾ, ಕುಜ, ಬುಧ, ಸೂರ್ಯದೇವ ಅಪೊಲೊ ಹೀಗೆ ಗ್ರಹ-ದೇವತೆಗಳ ಹೆಸರು ಹೊತ್ತವು. ಇವು ಬರೋಕ್ ಶೈಲಿಯ ಕೋಣೆಗಳು. ನೀವು ಹೇಳಿದ ಬಣ್ಣಬಣ್ಣದ ಅಮೃತಶಿಲೆ ಇಲ್ಲಿಯದು. ಪಿರೆನೀಸ್ ಬೆಟ್ಟಗಳ ಕಾಂಪಾನ್‌ನಿಂದ ಹಸಿರು-ಗುಲಾಬಿ ಕಲ್ಲು, ಲಾಂಗ್ವದಾಕ್‌ನಿಂದ ಬೆಂಕಿಯ ಕೆಂಪಿನ ಕಲ್ಲು, ಈಗ ಬೆಲ್ಜಿಯಂನಲ್ಲಿರುವ ರಾಂಸ್‌ನಿಂದ ಕಂದುಗೆಂಪಿನ ಕಲ್ಲು. ಮೇಲೆ ಕಮಾನಿನಂತೆ ಬಾಗಿದ ಚಾವಣಿ, ಅದರ ತುಂಬ ಚಿತ್ರ, ಚಿತ್ರಗಳ ಅಂಚಿಗೆ ಚಿನ್ನ ಹೊದಿಸಿದ ದಪ್ಪ ಗಾರೆಯ ಶಿಲ್ಪ. ಎಲ್ಲವೂ ಭಾರ, ಎಲ್ಲವೂ ಸಮಮಿತಿ, ಎಲ್ಲವೂ ದೂರದಿಂದ ನೋಡಲಿಕ್ಕೆ. ಚಾವಣಿಯ ಅಲೆಕ್ಸಾಂಡರನನ್ನೋ ಅಗಸ್ಟಸ್‌ನನ್ನೋ ನೋಡಿದವರು ಕೆಳಗೆ ಕೂತ ಲೂಯಿಯನ್ನು ನೆನೆಯಬೇಕು, ಲೆಕ್ಕಾಚಾರ ಅದು.

ಈ ಕೋಣೆಗಳಲ್ಲಿ ನಿಂತಾಗ ಎರಡು ಸಂಗತಿ ಗಮನಕ್ಕೆ ಬರುವುದಿಲ್ಲ. ನೆಲ ಈಗ ಮರದ್ದು. ಮೊದಲು ಅದೂ ಅಮೃತಶಿಲೆಯೇ ಆಗಿತ್ತು. ತೊಳೆದ ನೀರು ಸಂದಿಗಳಲ್ಲಿ ಇಳಿದು ಕೆಳಗಿನ ತೊಲೆಗಳು ಕೊಳೆಯತೊಡಗಿದವು, 1684ರಲ್ಲಿ ಕಲ್ಲು ತೆಗೆದು ಮರದ ಹಲಗೆ ಜೋಡಿಸಿದರು. ಓರೆಯಾಗಿ ಹೆಣೆದ ಚೌಕಗಳ ಆ ಮರದ ನೆಲಕ್ಕೆ ಇಂದಿಗೂ ಜಗತ್ತಿನಾದ್ಯಂತ ವರ್ಸಾಯ್ ಪಾರ್ಕೆ ಎಂದೇ ಹೆಸರು. ರಾಜಗಾಂಭೀರ್ಯದ ಗುರುತಾಗಿಬಿಟ್ಟ ಒಂದು ನೆಲ ಹುಟ್ಟಿದ್ದು ಸೋರಿಕೆಯಿಂದ! ಕಟ್ಟಡಗಳ ಇತಿಹಾಸದಲ್ಲಿ ಇಂಥವನ್ನು ಕಂಡಾಗ ನನಗೆ ಚಾವಣಿಯ ದೇವತೆಗಳಿಗಿಂತ ಹೆಚ್ಚು ಖುಷಿಯಾಗುತ್ತದೆ. ಇನ್ನೊಂದು ಸಂಗತಿ ಬೆಳ್ಳಿಯದು. ಈ ಕೋಣೆಗಳಲ್ಲೂ ಕನ್ನಡಿಗಳ ಹಜಾರದಲ್ಲೂ ಗಟ್ಟಿ ಬೆಳ್ಳಿಯ ಮೇಜು, ಪೀಠ, ದೀಪಸ್ತಂಭ, ಕಿತ್ತಳೆ ಗಿಡದ ತೊಟ್ಟಿಗಳಿದ್ದವು. ಯುದ್ಧದ ಖರ್ಚಿಗೆಂದು 1689ರಲ್ಲಿ ರಾಜ ಅದನ್ನೆಲ್ಲ ಟಂಕಸಾಲೆಗೆ ಕಳಿಸಿ ಕರಗಿಸಿದ. ಸುಮಾರು 20 ಟನ್ ಬೆಳ್ಳಿ. ಹಾಗಾಗಿ ಬರೋಕ್ ವರ್ಸಾಯ್ ತನ್ನ ಪೂರ್ಣ ವೈಭವದಲ್ಲಿ ಇದ್ದದ್ದು ಕೆಲವೇ ವರ್ಷ.

ಕನ್ನಡಿಗಳ ಹಜಾರ ಲ ವೋನ ಮೂಲ ಯೋಜನೆಯಲ್ಲಿ ಇರಲಿಲ್ಲ. ಅಲ್ಲಿ ತೋಟಕ್ಕೆ ಮುಖಮಾಡಿದ ಒಂದು ತೆರೆದ ತಾರಸಿ ಇತ್ತು. 1678ರಲ್ಲಿ ಮಾನ್ಸಾರ್ ಅದನ್ನು ಮುಚ್ಚಿ 73 ಮೀಟರ್ ಉದ್ದದ ಹಜಾರ ಮಾಡಿದ, 1684ಕ್ಕೆ ಕೆಲಸ ಮುಗಿಯಿತು. 17 ಕಿಟಕಿಗಳ ಎದುರಿಗೆ 17 ಕನ್ನಡಿಯ ಕಮಾನುಗಳು, ಒಟ್ಟು 357 ಕನ್ನಡಿಗಳು. ಅಷ್ಟು ದೊಡ್ಡ ಹಾಳೆ ಎರಕ ಹೊಯ್ಯುವುದು ಆಗ ಸಾಧ್ಯವಿರಲಿಲ್ಲವಾದ್ದರಿಂದ ತುಂಡುಗಳನ್ನು ಸೇರಿಸಿದ್ದಾರೆ, ಹತ್ತಿರದಿಂದ ನೋಡಿದರೆ ಬೆಸುಗೆ ಕಾಣುತ್ತದೆ. ಒಳ್ಳೆಯ ಕನ್ನಡಿ ಬೇಕಿದ್ದರೆ ವೆನಿಸ್‌ಗೆ ಕೈಚಾಚಬೇಕಿದ್ದ ಕಾಲ. ಮಂತ್ರಿ ಕೋಲ್ಬೇರ್ 1665ರಲ್ಲಿ ಫ್ರಾನ್ಸಿನಲ್ಲೇ ಕನ್ನಡಿಯ ಕಾರ್ಖಾನೆ ತೆರೆಸಿದ್ದ. ಹಜಾರವೆಂದರೆ ಆ ಕಾರ್ಖಾನೆಯ ಪ್ರದರ್ಶನವೂ ಹೌದು. ಚಾವಣಿಯಲ್ಲಿ ಚಿತ್ರಕಾರ ಶಾರ್ಲ್ ಲ ಬ್ರ್ಯಾಂ ಮೊದಲು ಅಪೊಲೊನ ಕಥೆ, ಆಮೇಲೆ ಹರ್ಕ್ಯುಲಿಸನ ಕಥೆ ಬರೆಯುವುದೆಂದಿತ್ತು. ಕೊನೆಗೆ ರಾಜನ ಸ್ವಂತ ಆಳ್ವಿಕೆಯ ಮೊದಲ 18 ವರ್ಷಗಳನ್ನೇ ಬರೆಯಿಸಿದರು. ಅರೆಗಂಬಗಳ ಬೋದಿಗೆಗೂ ಹೊಸ ನಮೂನೆ ತಯಾರಿಸಿದ್ದ ಲ ಬ್ರ್ಯಾಂ. ಗ್ರೀಕ್-ರೋಮನ್ ಎಲೆಗಳ ಜಾಗದಲ್ಲಿ ಫ್ರಾನ್ಸಿನ ಲಿಲ್ಲಿ ಹೂವು ಮತ್ತು ಹುಂಜ. 1682ರ ಮೇ 6ರಂದು ಆಸ್ಥಾನ ಇಲ್ಲಿಗೆ ಬಂದು ನೆಲೆಸಿದಾಗ ಹಜಾರದ ಕೆಲಸ ಇನ್ನೂ ನಡೆಯುತ್ತಿತ್ತು.

ಈಗ ತಿರುವಿಗೆ ಬರುತ್ತೇನೆ. ಶೈಲಿ ಬದಲಾದದ್ದು ಹೊಸ ರಾಜ ಬಂದಾಗ ಎಂದು ಸಾಮಾನ್ಯವಾಗಿ ಭಾವಿಸುತ್ತೇವೆ. ವರ್ಸಾಯ್‌ನಲ್ಲಿ ಹಾಗಾಗಲಿಲ್ಲ. ಅದನ್ನು ಶುರುಮಾಡಿದವನು ಸ್ವತಃ ಮುದುಕನಾದ 14ನೆಯ ಲೂಯಿ. ಮೊಮ್ಮಗನ ಹೆಂಡತಿಯಾಗಿ ಬಂದ ಎಳೆಯ ಹುಡುಗಿಗೆ ಪ್ರಾಣಿಶಾಲೆಯ ಪಕ್ಕದ ಚಿಕ್ಕ ಮನೆಯೊಂದನ್ನು ಅಲಂಕರಿಸಬೇಕಿತ್ತು. ಮಾನ್ಸಾರ್ ದೇವದೇವತೆಗಳ ಗಂಭೀರ ಪ್ರಸಂಗಗಳನ್ನು ಸೂಚಿಸಿದ. 1699ರಲ್ಲಿ ರಾಜ ಅದರ ಅಂಚಿನಲ್ಲಿ ಬರೆದ ಮಾತು ಉಳಿದಿದೆ: ವಿಷಯಗಳು ತೀರ ಗಂಭೀರವಾಗಿವೆ, ಎಲ್ಲೆಡೆ ಬಾಲ್ಯ ಹರಡಿರಬೇಕು. ಅದರ ಬೆನ್ನಿಗೇ 1701ರಲ್ಲಿ ಅವನ ಮಲಗುವ ಕೋಣೆಯ ಮುಂದಿನ ‘ಎತ್ತಿನ ಕಣ್ಣು’ ಕೋಣೆ ಸಿದ್ಧವಾಯಿತು. ಮೊಟ್ಟೆಯಾಕಾರದ ಕಿಟಕಿಯಿಂದ ಅದಕ್ಕೆ ಆ ಹೆಸರು. ಅಲ್ಲಿ ಕತ್ತೆತ್ತಿ ನೋಡಿ: ಚಾವಣಿಯಲ್ಲಿ ದೊಡ್ಡ ಚಿತ್ರವಿಲ್ಲ, ಬರೀ ಬಿಳುಪು. ಅದರ ಕೆಳಗೆ ಸುತ್ತಲೂ ಚಿನ್ನದ ಜಾಲಂಧ್ರದ ಮುಂದೆ ಮಕ್ಕಳು ಆಡುತ್ತಿರುವ ಪಟ್ಟಿ. ಗೋಡೆಯಲ್ಲಿ ಅಮೃತಶಿಲೆ ಹಿಂದೆ ಸರಿದು ಬಿಳಿ ಬಳಿದ ಮರ ಮುಂದೆ ಬಂದಿದೆ. ಮುಂದೆ ರೊಕೊಕೊ ಎಂದು ಹೆಸರು ಪಡೆದ ಶೈಲಿಗೆ ಇಲ್ಲಿಂದ ಬಾಗಿಲು ತೆರೆಯಿತು.

ಮರ ಬಂದುದಕ್ಕೆ ಅಂದ ಒಂದೇ ಕಾರಣವಲ್ಲ, ಚಳಿಯೂ ಹೌದು. 1695ರ ಚಳಿಗಾಲದಲ್ಲಿ ರಾಜನ ಊಟದ ಮೇಜಿನ ಮೇಲೆ ಲೋಟದಲ್ಲಿದ್ದ ವೈನ್ ಮತ್ತು ನೀರು ಹೆಪ್ಪುಗಟ್ಟಿದವೆಂದು ರಾಜನ ತಮ್ಮನ ಹೆಂಡತಿ ಕಾಗದ ಬರೆದಿದ್ದಾಳೆ. ಉತ್ತರಕ್ಕೆ ಮುಖಮಾಡಿದ, ಎತ್ತರ ಚಾವಣಿಯ, ಕಲ್ಲುಗೋಡೆಯ ಆ ಗ್ರಹಗಳ ಕೋಣೆಗಳನ್ನು ಕೊರೆಯುವ ಚಳಿಯಲ್ಲಿ ಊಹಿಸಿಕೊಳ್ಳಿ. 14ನೆಯ ಲೂಯಿ ಸ್ವತಃ ಅವನ್ನು ವಾರಕ್ಕೆ ಮೂರು ಸಂಜೆ ಆಸ್ಥಾನದವರ ಇಸ್ಪೀಟು, ಸಂಗೀತ, ಕುಣಿತಕ್ಕೆ ಬಿಟ್ಟುಕೊಟ್ಟು ಹಳೆಯ ಇಟ್ಟಿಗೆ ಮನೆಯ ಕೋಣೆಗಳಲ್ಲಿ ವಾಸಮಾಡಿದ. 1701ರಲ್ಲಿ ಮಲಗುವ ಕೋಣೆಯನ್ನು ಅರಮನೆಯ ನಟ್ಟನಡುವೆ, ಮೂಡಣ ಸೂರ್ಯನಿಗೆ ಎದುರಾಗಿ ಮಾಡಿಸಿಕೊಂಡು 1715ರ ಸೆಪ್ಟೆಂಬರ್ 1ರಂದು ಅಲ್ಲಿಯೇ ತೀರಿಕೊಂಡ.

ಮರಿಮಗ 15ನೆಯ ಲೂಯಿಯ ನಡೆ ನನ್ನ ವಾದಕ್ಕೆ ಎಲ್ಲಕ್ಕಿಂತ ಗಟ್ಟಿಯಾದ ಪುರಾವೆ. ಮುತ್ತಜ್ಜನ ಆ ಮಲಗುವ ಕೋಣೆಯನ್ನು ಅವನು ಬದಲಿಸಲಿಲ್ಲ. ಆದರೆ ಕೊನೆಯವರೆಗೆ ಅಲ್ಲಿ ಮಲಗಲೂ ಇಲ್ಲ. 1738ರಲ್ಲಿ ಸನಿಹದಲ್ಲೇ ಚಿಕ್ಕದಾದ, ಬೆಚ್ಚನೆಯ ಬೇರೊಂದು ಕೋಣೆ ಮಾಡಿಸಿಕೊಂಡ. ಬೆಳಗ್ಗೆ ಎದ್ದು ನಿಲುವಂಗಿ ತೊಟ್ಟು ಮುತ್ತಜ್ಜನ ಕೋಣೆಗೆ ನಡೆದು ಬಂದು, ಆಸ್ಥಾನದವರೆಲ್ಲ ನೋಡುತ್ತಿರುವಂತೆ ಅಲ್ಲಿ ‘ಏಳುವ’ ವಿಧಿ ಮುಗಿಸುತ್ತಿದ್ದ. ರಾತ್ರಿಯೂ ಹಾಗೆಯೇ, ಅಲ್ಲಿ ‘ಮಲಗುವ’ ವಿಧಿ ನಡೆದ ಮೇಲೆ ತನ್ನ ಕೋಣೆಗೆ ಹೋಗಿ ನಿದ್ದೆ. ಒಂದು ಕೋಣೆ ರಾಜ್ಯಕ್ಕೆ, ಒಂದು ಕೋಣೆ ಮೈಗೆ. ರಾಜ್ಯದ ಕೋಣೆ 1701ರಲ್ಲೇ ನಿಂತಿತು, ಮೈಯ ಕೋಣೆ ಕಾಲದ ಜೊತೆ ನಡೆಯಿತು.

ಆ ಒಳಕೋಣೆಗಳೇ ಫ್ರೆಂಚ್ ರೊಕೊಕೊದ ಚೆಂದದ ಮುಖ. ಆಂಟ್ವೆರ್ಪ್‌ನಲ್ಲಿ ಹುಟ್ಟಿದ ಜಾಕ್ ವೆರ್‌ಬೆರ್ಕ್ಟ್ ಎಂಬ ಕೆತ್ತನೆಗಾರನ ಕೈ ಅಲ್ಲಿ ಎಲ್ಲೆಲ್ಲೂ ಕಾಣುತ್ತದೆ. ಓಕ್ ಮರದ ಉದ್ದನೆಯ ಹಲಗೆಗಳು, ಅಂಚಿನಲ್ಲಿ ಸುರುಳಿ, ಚಿಪ್ಪು, ತಾಳೆಗರಿ, ಹೂಬಳ್ಳಿ, ನಡುನಡುವೆ ಮಕ್ಕಳು. ಕೆತ್ತಿದ ಮೇಲೆ ಮರಕ್ಕೆ ಸುಣ್ಣಪುಡಿ-ಅಂಟಿನ ಬಿಳಿ ಲೇಪವನ್ನು ಪದರ ಪದರವಾಗಿ ಹಚ್ಚಿ, ಉಜ್ಜಿ, ನಯಮಾಡಿ, ಕೆತ್ತನೆಯ ಗೆರೆಗಳನ್ನು ಮತ್ತೆ ಹರಿತ ಮಾಡುತ್ತಾರೆ. ಚಿನ್ನ ಬರುವ ಕಡೆ ನುಣ್ಣನೆಯ ಕೆಮ್ಮಣ್ಣಿನ ಲೇಪ, ಅದರ ಮೇಲೆ ಚಿನ್ನದ ರೇಕು. ಕೆಲವು ಭಾಗವನ್ನು ಅಗೇಟ್ ಕಲ್ಲಿನಿಂದ ತಿಕ್ಕಿ ಹೊಳಪು ಕೊಡುತ್ತಾರೆ, ಕೆಲವನ್ನು ಮಂಕಾಗಿಯೇ ಬಿಡುತ್ತಾರೆ. ಮೇಣದಬತ್ತಿ ಅಲುಗಿದಾಗ ಹೊಳೆವ ಎಲೆಯೂ ಮಂಕು ಎಲೆಯೂ ಬೇರೆಬೇರೆಯಾಗಿ ಮಿಸುಕುತ್ತವೆ. ವಿದ್ಯುತ್ ದೀಪದಲ್ಲಿ ಬರೀ ಚಿನ್ನ ಕಾಣುತ್ತದೆ, ಈ ಮಿಸುಕಾಟ ಸಿಗುವುದಿಲ್ಲ. ಅಮೃತಶಿಲೆಯ ಕೋಣೆ ನೂರು ಜನರ ಗುಂಪಿಗೆ, ಈ ಕೋಣೆ ಅಗ್ಗಿಷ್ಟಿಕೆಯ ಮುಂದೆ ಕೂತ ನಾಲ್ಕು ಜನಕ್ಕೆ. ಗೋಡೆಗೂ ಕೂತವರಿಗೂ ನಡುವಿನ ದೂರ ಕಡಿಮೆಯಾದಾಗ ಕೆತ್ತನೆಯೂ ಸಣ್ಣದಾಗುತ್ತದೆ, ನುಣುಪಾಗುತ್ತದೆ. ಬರೋಕ್‌ನಿಂದ ರೊಕೊಕೊಗೆ ಆದ ಬದಲಾವಣೆಯ ಮರ್ಮ ನನ್ನ ಮಟ್ಟಿಗೆ ಇದೇ ಅಳತೆ.

ಇಲ್ಲಿರುವ ಗಡಿಯಾರದ ಕೋಣೆಯನ್ನು ಎಂದಾದರೂ ನೋಡಿ. ಪಾಸ್ಮಾಂ ವಿನ್ಯಾಸ ಮಾಡಿದ, 1754ರಲ್ಲಿ ಇಲ್ಲಿಗೆ ತಂದಿರಿಸಿದ ಖಗೋಳ ಗಡಿಯಾರ, ಕಾಫಿಯೇರಿ ಎರಕ ಹೊಯ್ದ ಚಿನ್ನಲೇಪದ ಕಂಚಿನ ಕವಚದಲ್ಲಿ ಬಳ್ಳಿಯಂತೆ ಬಳುಕಿ ನಿಂತಿದೆ. ಎಡಬಲ ಒಂದೇ ಥರ ಇಲ್ಲದಿರುವುದೇ ಅದರ ಸೊಗಸು. 9999ನೆಯ ಇಸವಿಯವರೆಗೆ ತಾರೀಖು ತೋರಿಸುವಂತೆ ಅದನ್ನು ಮಾಡಿದ್ದಾರೆ.

ಒಳಕೋಣೆಗಳ ಈ ಹಸಿವು ಒಂದು ದೊಡ್ಡ ನಷ್ಟಕ್ಕೂ ಕಾರಣವಾಯಿತು. 1670ರ ದಶಕದಲ್ಲಿ ಕಟ್ಟಿದ್ದ ‘ರಾಯಭಾರಿಗಳ ಮೆಟ್ಟಿಲು’ ಬಣ್ಣದ ಅಮೃತಶಿಲೆ, ಚಿತ್ರ, ಮೇಲೆ ಗಾಜಿನ ಬೆಳಕಿಂಡಿ ಇದ್ದ, ಯುರೋಪಿನಲ್ಲೇ ಹೆಸರಾದ ಮೆಟ್ಟಿಲಸಾಲು. ಹೊರದೇಶದ ದೂತರು ಅದನ್ನೇರಿ ರಾಜನ ಬಳಿಗೆ ಹೋಗುತ್ತಿದ್ದರು. 1752ರಲ್ಲಿ 15ನೆಯ ಲೂಯಿ ಮಗಳು ಅದೇಲಾಯಿಡ್‌ಗೆ ಕೋಣೆಗಳು ಬೇಕೆಂದು ಅದನ್ನು ಕೆಡವಿಸಿದ. ವಿಧ್ಯುಕ್ತ ಜಾಗಗಳನ್ನು ಮುಟ್ಟಲಿಲ್ಲ ಎಂಬ ನನ್ನ ಮಾತಿಗೆ ಇದೊಂದು ಅಪವಾದ. ಈ ಅರಮನೆಯಲ್ಲಿ ಯಾವುದು ಉಳಿಯಬೇಕಿತ್ತು ಎಂದು ಯಾರಾದರೂ ಕೇಳಿದರೆ ನಾನು ಯೋಚಿಸದೆ ಈ ಮೆಟ್ಟಿಲಿನ ಹೆಸರು ಹೇಳುತ್ತೇನೆ.

1750ರ ಸುಮಾರಿಗೆ ಗಾಳಿ ಮತ್ತೆ ತಿರುಗಿತು. ಇಟಲಿಯಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತಿದ್ದ ಪುರಾತನ ರೋಮನ್ ಊರುಗಳಾದ ಹರ್ಕ್ಯುಲೇನಿಯಂ, ಪೊಂಪೇಗಳ ಉತ್ಖನನ ಶುರುವಾಗಿತ್ತು. ರಾಜನ ಒಲವಿನ ಮದಾಮ್ ದ ಪೊಂಪದೂರ್‌ಳ ತಮ್ಮ, ಮುಂದೆ ರಾಜನ ಕಟ್ಟಡಗಳ ಮೇಲ್ವಿಚಾರಕನಾದವನು, 1749ರಿಂದ ಎರಡು ವರ್ಷ ಇಟಲಿ ಸುತ್ತಿ ಬಂದ. ಬಳುಕುವ ಗೆರೆ ಬೇಸರ ಬಂತು, ನೇರ ಗೆರೆ ಬೇಕಾಯಿತು. ನವಶಾಸ್ತ್ರೀಯ ಎಂದು ಕರೆಯುವ ಈ ಶೈಲಿಯನ್ನು ವರ್ಸಾಯ್‌ಗೆ ತಂದವನು ವಾಸ್ತುಶಿಲ್ಪಿ ಆಂಜ್-ಜಾಕ್ ಗಾಬ್ರಿಯೆಲ್. ತೋಟದಾಚೆಯ ಪುಟ್ಟ ತ್ರಿಯಾನಾಂ ಮನೆ 1762ರಿಂದ 1768ರ ನಡುವೆ ಅವನು ಕಟ್ಟಿದ್ದು. ಉತ್ತರದ ರೆಕ್ಕೆಯ ತುದಿಯಲ್ಲಿರುವ ಒಪೆರಾ ರಂಗಮಂದಿರವೂ ಅವನದೇ. 1770ರ ಮೇ 16ರಂದು, ಮುಂದೆ 16ನೆಯ ಲೂಯಿಯಾಗುವ ಯುವರಾಜನಿಗೂ ಮರೀ ಆಂತ್ವಾನೆತ್‌ಗೂ ಮದುವೆಯಾದ ದಿನ, ಅದರ ಉದ್ಘಾಟನೆ. ಒಳಗೆ ಕಾಣುವ ಹಸಿರು, ಗುಲಾಬಿ ಅಮೃತಶಿಲೆ ನಿಜವಾಗಿ ಮರಕ್ಕೆ ಬಳಿದ ಬಣ್ಣ. ಕೆಲಸ ಎರಡು ವರ್ಷದೊಳಗೆ ಮುಗಿಯಬೇಕಿತ್ತು, ಖರ್ಚು ಹಿಡಿತದಲ್ಲಿರಬೇಕಿತ್ತು. ಹಾಗೆ ಮಾಡಿದ್ದರಿಂದ ಸಂಗೀತಕ್ಕೂ ಒಳ್ಳೆಯದಾಯಿತು. ಇಡೀ ಸಭಾಂಗಣ ಪಿಟೀಲಿನ ಒಡಲಿನಂತೆ ಮರದ್ದಾದ್ದರಿಂದ ಅಲ್ಲಿ ಇಂದಿಗೂ ದನಿ ಬೆಚ್ಚಗೆ ಕೇಳುತ್ತದೆ.

16ನೆಯ ಲೂಯಿ 1774ರಲ್ಲಿ ಪಟ್ಟಕ್ಕೆ ಬಂದ ವರ್ಷವೇ ಗಾಬ್ರಿಯೆಲ್‌ನಿಂದ ಗ್ರಂಥಾಲಯ ಮಾಡಿಸಿಕೊಂಡ. ರಾಣಿಯ ಒಳಕೋಣೆಗಳಲ್ಲಂತೂ ಬದಲಾವಣೆ ಓಡೋಡಿ ನಡೆಯಿತು. 1779ರಲ್ಲಿ ರೇಷ್ಮೆ ಹೊದಿಸಿದ್ದ ಗೋಡೆಗಳಿಗೆ 1783ರಲ್ಲಿ ಮತ್ತೆ ಮರ ಬಂತು. ಅದೇ ಈಗಿನ ಚಿನ್ನದ ಕೋಣೆ. ರಿಷಾರ್ ಮಿಕ್ ವಿನ್ಯಾಸ, ರೂಸೋ ಸಹೋದರರ ಕೆತ್ತನೆ (ತತ್ತ್ವಜ್ಞಾನಿ ರೂಸೋಗೂ ಇವರಿಗೂ ನಂಟಿಲ್ಲ). ಹಲಗೆಗಳ ಮೇಲೆ ಸಿಂಹದ ಮೈ, ಹೆಣ್ಣಿನ ಮುಖದ ಸ್ಫಿಂಕ್ಸ್‌ಗಳು, ಮೂರುಕಾಲಿನ ಧೂಪದ ತಟ್ಟೆಗಳು, ಎಲ್ಲವೂ ಪುರಾತನ ರೋಮ್, ಈಜಿಪ್ಟ್‌ಗಳ ಕನಸು. ಯಾವ ಕೋಣೆ ಯಾರ ಕಾಲದ್ದು ಎಂದು ಗುರುತಿಸಲು ನಾನು ವಿದ್ಯಾರ್ಥಿಗಳಿಗೆ ಕುರ್ಚಿಯ ಕಾಲು ನೋಡಿ ಎನ್ನುತ್ತೇನೆ. ಕಾಲು ಜಿಂಕೆಯ ಕಾಲಿನಂತೆ ಬಾಗಿದ್ದರೆ 15ನೆಯ ಲೂಯಿ, ನೆಟ್ಟಗೆ ಕೆಳಕ್ಕೆ ಸಪೂರವಾಗುತ್ತ ಉದ್ದಕ್ಕೂ ಗೀರು ಕೊರೆದಿದ್ದರೆ 16ನೆಯ ಲೂಯಿ. ಹಲಗೆಯ ಕೆತ್ತನೆಗೂ ಇದೇ ಮಾತು ಬಹುಮಟ್ಟಿಗೆ ಹೊಂದುತ್ತದೆ.

ಇಲ್ಲಿ ನಮ್ಮ ನಾಡಿನ ಒಂದು ದಿನವನ್ನು ನೆನಪಿಸದೆ ಮುಂದೆ ಹೋಗಲಾರೆ. 1788ರ ಆಗಸ್ಟ್ 10ರಂದು ಮೈಸೂರಿನ ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು, ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮುಹಮ್ಮದ್ ಉಸ್ಮಾನ್ ಖಾನ್, ಇದೇ ವರ್ಸಾಯ್‌ನಲ್ಲಿ 16ನೆಯ ಲೂಯಿಯನ್ನು ಕಂಡರು. ಇಂಗ್ಲಿಷರ ವಿರುದ್ಧ ಫ್ರೆಂಚರ ನೆರವು ಕೇಳಲು ಬಂದಿದ್ದರು. ರಾಜ ಅವರನ್ನು ಬರಮಾಡಿಕೊಂಡದ್ದು ಯಾವ ಕೋಣೆಯಲ್ಲಿ ಗೊತ್ತೇ? ಹರ್ಕ್ಯುಲಿಸನ ಕೋಣೆಯಲ್ಲಿ. ವಿಧ್ಯುಕ್ತ ಕೋಣೆಗಳ ಸಾಲಿಗೆ ನೀವು ಕಾಲಿಟ್ಟಾಗ ಮೊದಲು ಸಿಕ್ಕ ದೊಡ್ಡ ಕೋಣೆ ಅದು. 1710ರವರೆಗೆ ಅಲ್ಲಿ ಹಳೆಯ ಪ್ರಾರ್ಥನಾಮಂದಿರವಿತ್ತು. 14ನೆಯ ಲೂಯಿಯ ಕೊನೆಗಾಲದಲ್ಲಿ ಕೋಣೆಯ ಕೆಲಸ ಆರಂಭವಾಗಿ, ನಿಂತು, 1736ರಲ್ಲಿ 15ನೆಯ ಲೂಯಿಯ ಕೈಯಲ್ಲಿ ಮುಗಿಯಿತು. ಚಾವಣಿಯಲ್ಲಿ ಫ್ರಾನ್ಸ್ವಾ ಲೆಮ್ವಾನ್ ಬರೆದ ಹರ್ಕ್ಯುಲಿಸನ ಸ್ವರ್ಗಾರೋಹಣದಲ್ಲಿ 142 ಆಕೃತಿಗಳಿವೆ. ಗೋಡೆಯಲ್ಲಿ ವೆನಿಸ್ 1664ರಲ್ಲಿ ಉಡುಗೊರೆ ಕೊಟ್ಟ ವೆರೊನೇಸೆಯ ಭಾರೀ ಚಿತ್ರ.

ಗಮನಿಸಿ, 1736 ಎಂದರೆ ರೊಕೊಕೊ ಉತ್ತುಂಗದಲ್ಲಿದ್ದ ಕಾಲ. ಒಳಗೆ ರಾಜನ ಸ್ವಂತ ಕೋಣೆಗೆ ಬಿಳಿ ಮರ, ಚಿನ್ನದ ಬಳ್ಳಿ ಬರುತ್ತಿದ್ದ ದಿನಗಳು. ಆದರೂ ಈ ಕೋಣೆಗೆ ಬೇಕೆಂದೇ ಮುತ್ತಜ್ಜನ ಅಮೃತಶಿಲೆ, ಮುತ್ತಜ್ಜನ ಗಾಂಭೀರ್ಯ ಕೊಟ್ಟರು. ಅದಾಗಿ 52 ವರ್ಷದ ಮೇಲೆ ಶ್ರೀರಂಗಪಟ್ಟಣದ ದೂತರು ಬಂದಾಗಲೂ, ಸ್ಫಿಂಕ್ಸ್‌ಗಳ ಫ್ಯಾಷನ್ನಿನ ನಡುವೆ ಬದುಕುತ್ತಿದ್ದ 16ನೆಯ ಲೂಯಿ, ಕುಳಿತು ಕಾಣಿಸಿಕೊಳ್ಳಲು ಆರಿಸಿದ್ದು ಆ ಹಳೆಯ ಶೈಲಿಯ ಕೋಣೆಯನ್ನೇ. ರಾಯಭಾರಿಗಳಿಗೆಂದು ಕಟ್ಟಿದ್ದ ಮೆಟ್ಟಿಲು ಮಾತ್ರ ನಮ್ಮವರು ಬರುವುದಕ್ಕೆ 36 ವರ್ಷ ಮೊದಲೇ ಮಾಯವಾಗಿತ್ತು. ಆ ಗೋಡೆಗಳ ಹಿಂದೆ ಬೊಕ್ಕಸ ಬರಿದಾಗಿತ್ತು. ಎರಡು ದಿನ ಮೊದಲು, ಆಗಸ್ಟ್ 8ರಂದು, ರಾಜ ದೇಶದ ಮಹಾಸಭೆ ಕರೆಯುವುದಾಗಿ ಒಪ್ಪಿಕೊಂಡಿದ್ದ. ಆರು ದಿನದ ಮೇಲೆ, ಆಗಸ್ಟ್ 16ರಂದು, ಖಜಾನೆ ಪಾವತಿಗಳನ್ನೇ ನಿಲ್ಲಿಸಿತು. ಟಿಪ್ಪುವಿಗೆ ಬೇಕಿದ್ದ ಸೇನೆ ಸಿಗಲಿಲ್ಲ. ದರ್ವೇಶ್ ಖಾನರ ಒಂದು ಭಾವಚಿತ್ರ ಉಳಿಯಿತು. ರಾಣಿಯ ಮೆಚ್ಚಿನ ಚಿತ್ರಕಾರ್ತಿ ವಿಜೇ ಲ ಬ್ರ್ಯಾಂ ಅದನ್ನು ಬರೆದಳು. ಹರ್ಕ್ಯುಲಿಸನ ಕೋಣೆಯಲ್ಲಿ ನಿಂತಾಗ ನನಗೆ ಚಾವಣಿಯ ವೀರನಿಗಿಂತ ಮೊದಲು ನೆನಪಾಗುವವರು ಆ ಮೂವರು.

ಅಂಗಳದಲ್ಲಿ ಇನ್ನೊಂದು ವಿಚಿತ್ರ ನಿಮ್ಮ ಕಣ್ಣಿಗೆ ಬಿದ್ದಿರಬಹುದು. ಇಟ್ಟಿಗೆಯ ಕಟ್ಟಡಗಳ ಮುಂದೆ, ಎಡಬಲಗಳಲ್ಲಿ, ಗ್ರೀಕ್ ಗುಡಿಯಂಥ ಮುಖವುಳ್ಳ ಎರಡು ಬಿಳಿ ಕಲ್ಲಿನ ಕಟ್ಟಡಗಳು. 1771ರಲ್ಲಿ ಗಾಬ್ರಿಯೆಲ್ ಊರಿನ ಕಡೆಯ ಇಟ್ಟಿಗೆಯನ್ನೆಲ್ಲ ಅಳಿಸಿ ಹೊಸ ಶೈಲಿಯ ಕಲ್ಲಿನ ಮುಖ ಕೊಡುವ ದೊಡ್ಡ ಯೋಜನೆ ಮಾಡಿದ್ದ. ಬಲಗಡೆಯ ಒಂದು ರೆಕ್ಕೆ ಎದ್ದಿತು, ಅಷ್ಟಕ್ಕೇ ಹಣ ಮುಗಿಯಿತು. ಎಡಗಡೆಯದು 1820ರಲ್ಲಿ, ಸಮತೋಲಕ್ಕಾಗಿ ಸೇರಿದ್ದು. ಬಲಗಡೆಯ ರೆಕ್ಕೆಯೊಳಗಿನ ದೊಡ್ಡ ಮೆಟ್ಟಿಲನ್ನು ಗಾಬ್ರಿಯೆಲ್‌ನ ನಕ್ಷೆಯಂತೆ ಪೂರ್ಣಗೊಳಿಸಿದ್ದು 1985ರಲ್ಲಿ! ಬೊಕ್ಕಸ ತುಂಬಿದ್ದಿದ್ದರೆ 13ನೆಯ ಲೂಯಿಯ ಬೇಟೆಮನೆ ಇಂದು ಇರುತ್ತಿರಲಿಲ್ಲ, ನೀವು ಈ ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ.

ಇನ್ನು ಅಸಲು ಎಷ್ಟು ಎಂಬುದು. ಫ್ರೆಂಚ್ ಕ್ರಾಂತಿ ಶುರುವಾದ 1789ರ ಅಕ್ಟೋಬರ್ 6ರಂದು ರಾಜಕುಟುಂಬ ಪ್ಯಾರಿಸ್‌ಗೆ ಹೋಯಿತು, ಮರಳಲಿಲ್ಲ. 1793ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಪೀಠೋಪಕರಣಗಳ ಹರಾಜು ನಡೆಯಿತು, 17,000ಕ್ಕೂ ಮೀರಿದ ಬಾಬತ್ತುಗಳು ಮಾರಾಟವಾದವು. ಗೋಡೆ, ಚಾವಣಿ, ಕೆತ್ತನೆ ಉಳಿದವು, ಕೋಣೆಗಳು ಬರಿದಾದವು. ಆಮೇಲೆ ರಾಜನಾದ ಲೂಯಿ-ಫಿಲಿಪ್ ಅರಮನೆಯನ್ನು ‘ಫ್ರಾನ್ಸಿನ ಸಕಲ ಕೀರ್ತಿಗೆ’ ಅರ್ಪಿಸಿ 1837ರ ಜೂನ್ 10ರಂದು ಮ್ಯೂಸಿಯಂ ಮಾಡಿದ. ಅದರಿಂದ ಕಟ್ಟಡ ಉಳಿಯಿತು. ಅದಕ್ಕೆ ತೆತ್ತ ಬೆಲೆಯೆಂದರೆ ದಕ್ಷಿಣದ ರೆಕ್ಕೆಯಲ್ಲಿದ್ದ ರಾಜವಂಶದವರ ಕೋಣೆಗಳನ್ನೆಲ್ಲ ಒಡೆದು 120 ಮೀಟರ್ ಉದ್ದದ ಯುದ್ಧಗಳ ಹಜಾರ ಮಾಡಿದ್ದು. ಮೇಲಿನಿಂದ ಗಾಜಿನ ಬೆಳಕು, ಕೆಳಗೆ 33 ಭಾರೀ ಚಿತ್ರಗಳು. ಅದು ಹತ್ತೊಂಬತ್ತನೆಯ ಶತಮಾನದ ಶೈಲಿ, ಇದೇ ಮನೆಯ ಐದನೆಯ ಮುಖ.

ಹಾಗಾಗಿ ಕೋಣೆ ಕೋಣೆಗೂ ಉತ್ತರ ಬೇರೆ. ಕನ್ನಡಿಗಳ ಹಜಾರದ ಚಾವಣಿ ಲ ಬ್ರ್ಯಾಂ ಕಾಲದ್ದೇ, 2004ರಿಂದ 2007ರವರೆಗೆ ಶುಚಿಮಾಡಿದರು. ಕನ್ನಡಿಗಳಲ್ಲಿ ಹೆಚ್ಚಿನವು ಹಳೆಯ ಪಾದರಸದ ಕನ್ನಡಿಗಳೇ, ಅವುಗಳ ಮಸುಕು ಮುಸ್ಸಂಜೆ ಬೆಳಕಿನಲ್ಲಿ ಗೊತ್ತಾಗುತ್ತದೆ. ಕೆಳಗೆ ಸಾಲಾಗಿ ನಿಂತ ಚಿನ್ನದ ದೀಪಸ್ತಂಭಗಳು 1770ರ ಮದುವೆಗೆ ಮಾಡಿಸಿದ ನಮೂನೆಯವು, ಹಜಾರ ಕಟ್ಟಿದಾಗಿನವಲ್ಲ. ರಾಣಿಯ ಮಲಗುವ ಕೋಣೆಯ ಹೂವಿನ ರೇಷ್ಮೆಯನ್ನು 1787ರ ಬೇಸಿಗೆಯ ಮಾದರಿ ನೋಡಿ ಲಿಯೋಂ ಊರಿನಲ್ಲಿ ಹೊಸದಾಗಿ ನೇಯಿಸಿದ್ದಾರೆ, ಆದರೆ ಅದೇ ಕೋಣೆಯ ಚಾವಣಿಯಲ್ಲಿರುವ ಬೂದುಬಣ್ಣದ ಚಿತ್ರಗಳು 1735ರಲ್ಲಿ ಬೂಶೇ ಬರೆದವು. ಅಂಗಳದ ಮುಂದಿನ ಚಿನ್ನದ ಗೇಟು 2008ರಲ್ಲಿ ಮತ್ತೆ ಕಟ್ಟಿದ್ದು. ಕಳೆದುಹೋದದ್ದನ್ನು ಹೀಗೆ ಮತ್ತೆ ಮಾಡಿ ನಿಲ್ಲಿಸುವುದು ಸರಿಯೇ ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ನೇಯ್ಗೆಯ ವಿಷಯದಲ್ಲಿ ನಾನು ಅದರ ಪರ, ಏಕೆಂದರೆ ಬಟ್ಟೆ ಎಂದೂ ಶಾಶ್ವತವಾಗಿರಲಿಲ್ಲ, ಆಗಲೂ ಬೇಸಿಗೆಗೊಂದು, ಚಳಿಗಾಲಕ್ಕೊಂದು ಬದಲಿಸುತ್ತಿದ್ದರು, ಮೇಲಾಗಿ ಆ ನೇಯ್ಗೆ ಬಲ್ಲ ಕೈಗಳಿಗೆ ಕೆಲಸ ಸಿಕ್ಕಿತು. ಗೇಟಿನ ವಿಷಯದಲ್ಲಿ ನನ್ನ ಮನಸ್ಸು ಒಪ್ಪುವುದಿಲ್ಲ. ಅದು ಅಂಗಳವನ್ನು ಎರಡಾಗಿ ಸೀಳಿ, 1789ರ ಹೊತ್ತಿಗೆ ಇದ್ದುದೂ ಅಲ್ಲದ, 14ನೆಯ ಲೂಯಿಯ ದಿನಗಳದ್ದೂ ಅಲ್ಲದ ಒಂದು ನೋಟ ಕೊಡುತ್ತದೆ.

ಮಗಳ ಮನೆಗೆ ಮತ್ತೆ ಹೋಗುವುದಿದ್ದರೆ, 15 ಮತ್ತು 16ನೆಯ ಲೂಯಿಗಳ ಖಾಸಗಿ ಕೋಣೆಗಳಿಗೆ ಗೈಡ್ ಜೊತೆಗಿನ ಭೇಟಿಯ ಟಿಕೆಟ್ಟನ್ನು ಮೊದಲೇ ಕಾಯ್ದಿರಿಸಿ. ಸಾಮಾನ್ಯ ಟಿಕೆಟ್ಟಿನ ದಾರಿಯಲ್ಲಿ ಅವು ಬರುವುದಿಲ್ಲ. ಗಡಿಯಾರದ ಕೋಣೆ, ವೆರ್‌ಬೆರ್ಕ್ಟ್ ಕೆತ್ತನೆ, 1774ರ ಗ್ರಂಥಾಲಯ ಎಲ್ಲ ಅಲ್ಲಿವೆ. ಮೊದಲು ಹರ್ಕ್ಯುಲಿಸನ ಕೋಣೆ ನೋಡಿ, ಆಮೇಲೆ ಅಲ್ಲಿಗೆ ಹೋಗಿ. ಚಾವಣಿ ಎಷ್ಟು ಕೆಳಗಿಳಿಯಿತು, ಅಗ್ಗಿಷ್ಟಿಕೆ ಎಷ್ಟು ಹತ್ತಿರ ಬಂತು ಎಂಬುದು ಬಾಗಿಲು ದಾಟಿದೊಡನೆ ಮೈಗೇ ತಿಳಿಯುತ್ತದೆ.